ಅರಗಿನ ಹೊಳಪು

"ಏ... ಹಂಗ ಒತ್ತಿ ಹಿಡೀಬ್ಯಾಡ್ರಿ! ಗರಿ ಮುರಿದಾವು!"

ಮನಿಷಾ ಬೆಚ್ಚಿಬಿದ್ದಳು. ಎದೆಗವುಚಿಕೊಂಡಿದ್ದ, ನವಿಲುಗರಿಯ ತುದಿ ಇಣುಕುತ್ತಿದ್ದ ಬಟ್ಟೆಯ ಗಂಟನ್ನು ಮೆಲ್ಲಗೆ ಸಡಿಲಿಸಿದಳು.

ಸದಲಗಾದ ಆ ಫ್ರೇಮ್ ಅಂಗಡಿಯಲ್ಲಿ ಮೈತುಂಬ ಕಟ್ಟಿಗೆಯ ಪುಡಿ ಹೊತ್ತು ನಿಂತಿದ್ದವನು ಶ್ರೇಣಿಕ. ಅವನ ಕಣ್ಣು ಅವಳ ಕಣ್ಣಿಗೆ ತಾಗಿತು, ಅಷ್ಟೇ! ಡಿಗ್ರಿ ಮುಗಿಸಿದ್ದರೂ ಹೊಸಬರ ಮುಂದೆ ಬೆವರುವ ಹುಡುಗಿ ಅವಳು. ಮನೆಯಿಂದ ಕಲಿತು ಬಂದಿದ್ದ ಮಾತೆಲ್ಲ ಮರೆತೇಹೋಯಿತು.

ಗಂಟಿನಲ್ಲಿದ್ದದ್ದು ಪಿಂಛಿ. ಜೈನ ಮುನಿಗಳು ಕೂರುವ ಮುನ್ನ ನೆಲದ ಇರುವೆಗಳನ್ನು ನೋಯದಂತೆ ಸರಿಸುವ ನವಿಲುಗರಿಯ ಗುಚ್ಛ. ಚಾತುರ್ಮಾಸ ಮುಗಿದು ಮುನಿಗಳು ಹೊಸ ಪಿಂಛಿ ಹಿಡಿದ ದಿನ, ಹಳೆಯದು ವ್ರತ ತೊಟ್ಟ ಅವಳ ಅಜ್ಜಿ ಚಂದ್ರಮತಿಗೆ ಸಿಕ್ಕಿತ್ತು. ಅದನ್ನಿಡಲು ಆಳವಾದ ಪೆಟ್ಟಿಗೆಯಂಥ ಫ್ರೇಮ್ ಬೇಕಿತ್ತು.

"ಗ್ಲಾಸು ಗರಿಗೆ ತಾಗಬಾರದು. ಅರ್ಧ ಗೇಣ ಆಳ ಇಡೂಣು. ಮಾವಿನ ಕಟ್ಟಿಗಿ ಅಗ್ಗ ಖರೆ, ಆದ್ರ ಹುಳಾ ಹಿಡಿತೈತಿ. ಆಮ್ಯಾಲ ಔಷಧ ಹಚ್ಚಿ ಅವನ್ನ ಕೊಲ್ಲೂದು... ಪಿಂಛಿ ಇಡೂ ಪೆಟ್ಟಿಗಿಗೆ ಅದು ಸರಿ ಅಲ್ರಿ. ಸಾಗವಾನಿ ಹಾಕ್ತೇನಿ."

ಅವಳು ತಲೆಯಾಡಿಸಿದಳು.

"ಮೂಲಿ ಓರೆ ಕೊಯ್ದು ಅಂಟಿಸಿದ್ರ ಚಂದ ಕಾಣ್ತೈತಿ. ಆದ್ರ ಇಷ್ಟ ಆಳದ ಪೆಟ್ಟಿಗಿ ವಜ್ಜಕ್ಕ ಬಾಯಿ ಬಿಡ್ತೈತಿ. ಹಿಂಗ ಹಲ್ಲಿಗೆ ಹಲ್ಲ ಕೂಡಿಸಿದ್ರ ಮೊಳಿ ಹೊಡಿಯೂದ ಬ್ಯಾಡ ನೋಡ್ರಿ!"

ಎರಡೂ ಕೈಯ ಬೆರಳುಗಳನ್ನು ಹೆಣೆದು ತೋರಿಸಿದ.

ಅಯ್ಯೋ, ಆ ಬೆರಳುಗಳು! ಮನಿಷಾಳ ಕಿವಿಗಳು ತಾವಾಗಿಯೇ ಮುಚ್ಚಿಕೊಂಡವು.

"ಪಾಲಿಶ್ ಅರಗಿಂದ ಹಚ್ಚಲೇನ್ರಿ? ಹೊಳಪು ಭಾಳ. ಆದ್ರ ಅರಗು ಹುಳದಿಂದ ಬರೂದು. ಅಜ್ಜಿಯವರಿಗೆ ನಡಿತೈತಿ?"

ಅವಳು ಮತ್ತೆ ತಲೆಯಾಡಿಸಿದಳು.

ಶ್ರೇಣಿಕ ಫ್ರೇಮ್ ಹೊತ್ತು ಮನೆಗೆ ಬಂದ ದಿನ ನೆಂಟರೆಲ್ಲ ಸೇರಿದ್ದರು. ಕನ್ನಡಿಯಂತೆ ಹೊಳೆಯುತ್ತಿದ್ದ ಪೆಟ್ಟಿಗೆಯನ್ನು ಚಂದ್ರಮತಿ ಆಯಿ ಆಸೆಯಿಂದ ಸವರಿದರು.

"ಎಂಥಾ ಪಾಲಿಶೋ ತಮ್ಮಾ ಇದು?"

"ಅರಗಿಂದ್ರಿ ಆಯಿ."

ಬೆಂಕಿ ತಾಗಿದಂತೆ ಆಯಿಯ ಕೈ ಹಿಂದಕ್ಕೆ ಬಂತು. "ಯಪ್ಪಾ... ಎಷ್ಟ ಜೀವ ಹೋಗ್ಯಾವೋ ಇದಕ್ಕ!"

ಮನಿಷಾಳ ಚಿಕ್ಕಪ್ಪ ಭೂಪಾಲ ಕಾಕಾ ಸಿಡಿದೆದ್ದರು. "ಜೈನರ ಹೊಟ್ಟ್ಯಾಗ ಹುಟ್ಟಿ ಇಷ್ಟು ತಿಳೀಲಿಲ್ಲೇನಲೇ? ಕೇಳಾಕ ಬಾಯಿ ಇರಲಿಲ್ಲ?"

ಶ್ರೇಣಿಕ ಮನಿಷಾಳತ್ತ ನೋಡಿದ. ಒಂದೇ ಕ್ಷಣ. ಆಗ ನೆನಪಾಯಿತು ಅವಳಿಗೆ... 'ಹುಳದಿಂದ ಬರೂದು... ನಡಿತೈತಿ?' ಅವನು ಕೇಳಿದ್ದ! ಕೇಳಿಯೇ ಇದ್ದ!

ಹೇಳು ಮನಿಷಾ, ಹೇಳಿಬಿಡು...

ಅವಳು ಕಣ್ಣು ಕೆಳಗಿಳಿಸಿದಳು.

"ನಂದ ತಪ್ಪಾತ್ರಿ," ಎಂದು ಅವನೇ ತಲೆ ತಗ್ಗಿಸಿದ. ಪಿಂಛಿಯನ್ನು ಎತ್ತಿ ಆಯಿಯ ಮಡಿಲಲ್ಲಿಟ್ಟು, ಪೆಟ್ಟಿಗೆ ಹೊತ್ತುಕೊಂಡು ಹೋದ.

ಎಲ್ಲವನ್ನೂ ದಿನಚರಿಗೆ ಹೇಳುತ್ತಿದ್ದವಳಿಗೆ ಇದನ್ನು ಮಾತ್ರ ಬರೆಯಲು ಕೈ ಬರಲಿಲ್ಲ. ಊರಲ್ಲಿ ಅವನಿಗೆ 'ಅರಗಿನ ಶ್ರೇಣಿಕ' ಎಂದು ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆ. ಅವನ ಅಂಗಡಿ ತಪ್ಪಿಸಲು ಸುತ್ತುಬಳಸಿ ನಡೆದಳು.

ದೂರದಿಂದ ಅದನ್ನು ಕಂಡ ಶ್ರೇಣಿಕ ಬೇರೆಯೇ ತಿಳಿದ. 'ನನ್ನ ಮಾರಿ ನೋಡೂದೂ ಬ್ಯಾಡಾಗೇತಿ ಅಕಿಗೆ...'

ಜೈನರ ಹತ್ತು ದಿನದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಸದಿಯ ಅಂಗಳದಲ್ಲಿ ದೊಡ್ಡವರು ಸಣ್ಣವರೆನ್ನದೆ ಎಲ್ಲರೂ ಒಬ್ಬರಿಗೊಬ್ಬರು ಕೈಮುಗಿದು, "ಉತ್ತಮ ಕ್ಷಮಾ" ಎಂದು ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಿದ್ದರು.

ಜನರ ನಡುವಿನಿಂದ ಶ್ರೇಣಿಕ ನೇರವಾಗಿ ಆಯಿಯ ಮುಂದೆ ಬಂದು ಬಾಗಿದ.

"ಆಯಿ, ನನ್ನಿಂದ ನಿಮ್ಮ ವ್ರತಕ್ಕ..."

"ಬ್ಯಾಡ್ರಿ!"

ಅದು ತನ್ನದೇ ದನಿ ಎಂದು ಮನಿಷಾಗೆ ನಂಬಲಾಗಲಿಲ್ಲ. ಅಂಗಳವೆಲ್ಲ ತಿರುಗಿ ನೋಡಿತು. ಆದರೂ ಅವಳು ಮಾತು ನಿಲ್ಲಿಸಲಿಲ್ಲ.

"ಆಯಿ, ಅವ್ರು ಕೇಳಿದ್ರು! ಹುಳದಿಂದ ಬರೂದು, ನಡಿತೈತೇನು ಅಂತ ನನ್ನ ಕೇಳಿದ್ರು. ನಾನ ಗೋಣ ಹಾಕಿದೆ... ಏನಂತ ಕೇಳಿಸ್ಕೊಳ್ಳದ ಗೋಣ ಹಾಕಿದೆ. ಕಾಕಾ ಬೈಯೂ ಮುಂದನೂ ಸುಮ್ಮನ ನಿಂತೆ. ಕ್ಷಮಾ ಕೇಳಬೇಕಾದಕಿ ನಾನು..."

ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಕೇಳಿಸ್ಲಿಲ್ಲಂದ್ರ?" ಭೂಪಾಲ ಕಾಕಾ ಹುಬ್ಬೇರಿಸಿದರು. "ಕಿವ್ಯಾಗ ಹತ್ತಿ ಇಟ್ಕೊಂಡ ಹೋಗಿದ್ದಿಯೇನ ಬೇ?"

ಆಯಿ ಮೊಮ್ಮಗಳ ಕೆಂಪೇರಿದ ಮುಖ ನೋಡಿದರು. ಶ್ರೇಣಿಕನ ಮುಖವನ್ನೂ ನೋಡಿದರು.

"ಹತ್ತಿ ಅಲ್ಲೋ ಭೂಪಾಲ. ಹತ್ತಿ ಆಗಿದ್ರ ತಗೀಬಹುದಿತ್ತು!"

ಹೆಂಗಸರೆಲ್ಲ ನಕ್ಕರು. ಮನಿಷಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ತಮ್ಮಾ, ನೀನೂ ನನ್ನ ಕ್ಷಮಾ ಮಾಡು," ಆಯಿ ಅವನಿಗೆ ಕೈಮುಗಿದರು. "ಹೊಸಾ ಪೆಟ್ಟಿಗಿ ಮಾಡು. ಇಕಿನ್ನ ಮುಂದ ನಿಲ್ಲಿಸ್ಕೊಂಡ ಮಾಡು. ತಪ್ಪ ಮಾಡಿದ ಕೈ ತಿಕ್ಕಲಿ."

ಶ್ರೇಣಿಕನ ಅಂಗಡಿಯಲ್ಲಿ ಹೊಸ ಸಾಗವಾನಿಗೆ ಮನಿಷಾ ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ಅರಗಿನ ಹೊಳಪಲ್ಲ ಇದು. ಕಟ್ಟಿಗೆಯ ಗೆರೆಗಳು ಮೆಲ್ಲಮೆಲ್ಲಗೆ ಕಣ್ಣುಬಿಡುತ್ತಿದ್ದವು.

"ಅವತ್ತ ಎಲ್ಲಾರ ಮುಂದ ಯಾಕ ಹೇಳಲಿಲ್ರಿ... ನಾನ ಗೋಣ ಹಾಕಿದ್ದೆ ಅಂತ?"

"ನಿಮ್ಮ ಮಾರಿ ಬಿಳಿಚಿತ್ತು. ಅದನ್ನ ನೋಡೂದಕಿಂತ ಬೈಗಳ ತಿನ್ನೂದು ಹಗರ ಅನಿಸ್ತು." ಅವನು ನಕ್ಕ. "ಆಮ್ಯಾಲ ನೀವು ಹಾದಿ ಬದಲ ಮಾಡಿದ್ರಲ್ಲ... ಅದು ಹಗರ ಇರಲಿಲ್ಲ."

"ನಾಚಿಕಿಗೆ ಬದಲ ಮಾಡಿದೆ. ಬ್ಯಾಸರಕ್ಕಲ್ಲ..."

ಅವನ ಕೈಯ ಉಳಿ ನಿಂತಿತು.

"ಹಂಗಾದ್ರ ಒಂದು ಕೇಳ್ತೇನಿ ಮನಿಷಾ. ಗೋಣ ಹಾಕಬ್ಯಾಡ್ರಿ, ಬಾಯಿಲೇ ಹೇಳ್ರಿ. ನಮ್ಮವ್ವನ್ನ ನಿಮ್ಮ ಮನಿಗೆ ಕಳಸ್ಲಿ?"

ಆಡಲಿದ್ದ ತಲೆಯನ್ನು ಅವಳು ತಡೆದು ನಿಲ್ಲಿಸಿದಳು.

"ಏನಂದ್ರಿ? ಇನ್ನೊಮ್ಮೆ ಹೇಳ್ರಿ."

ಅವನು ಬೆವರಿದ. "ಅದ... ನಮ್ಮವ್ವನ್ನ... ನಿಮ್ಮನ್ನ ಕೇಳಾಕ..."

"ಈ ಸಲ ಪೂರಾ ಕೇಳಿಸ್ತು." ಎಣ್ಣೆಗೈಯನ್ನು ಹಿಂದೆ ಮರೆಮಾಡಿಕೊಂಡು, ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಕಳಸ್ರಿ."