ಕೆಂಚವ್ವ ಕೊಡದ ಹೆಪ್ಪು

ಬಹಳ ಬಹಳ ಹಿಂದೆ, ಕನ್ನಡಿಯೊಳಗೆ ಒಂದು ರಾಜ್ಯವಿತ್ತು. ಅಲ್ಲಿಗೆ ಹೋಗಲು ರಸ್ತೆ ಇರಲಿಲ್ಲ, ದೋಣಿ ಇರಲಿಲ್ಲ. ಹೋಗಬೇಕೆನ್ನುವವರು ಮನೆಯಲ್ಲಿ ಚಾಪೆ ಹಾಸಿ, ಆಟದ ಕನ್ನಡಿಯನ್ನು ಎದುರಿಗಿಟ್ಟುಕೊಂಡು ಕಣ್ಣು ನೆಟ್ಟು ಕೂರಬೇಕಿತ್ತು. ಮೈ ಚಾಪೆಯ ಮೇಲೆ ಉಳಿಯುತ್ತಿತ್ತು, ಆಡುವವರು ಒಳಗೆ ಹೋಗುತ್ತಿದ್ದರು. ಕನ್ನಡಿಯಿಂದ ಕಣ್ಣು ತೆಗೆದರೆ ಮತ್ತೆ ಮನೆ. ಊರೂರಿನ ಜನ ಹೀಗೆ ಹೋಗಿ ಅಲ್ಲಿ ಕತ್ತಿ ತಿರುಗಿಸುತ್ತಿದ್ದರು, ಕೋಟೆ ಕಟ್ಟುತ್ತಿದ್ದರು, ಒಲೆಯ ಮೇಲಿನ ಅನ್ನ ಸೀದರೂ ಏಳುತ್ತಿರಲಿಲ್ಲ. ಬೈದರೆ ಯಾರು ಕೇಳುತ್ತಾರೆ?

ಆ ರಾಜ್ಯದಲ್ಲಿ ಅರಮನೆಯ ಅಂಗಡಿಗಳು ಬೇಕಾದಷ್ಟಿದ್ದವು. ಆದರೂ ಜನ ಮುಗಿಬೀಳುತ್ತಿದ್ದದ್ದು ಪೇಟೆಯ ಮೂಲೆಯ ಮೊಸರಂಗಡಿಗೆ. ಅದನ್ನು ನಡೆಸುತ್ತಿದ್ದವಳು ಕೆಂಚವ್ವ. ಅವಳೂ ಎಲ್ಲರಂತೆ ಹೊರಗಿನಿಂದ ಆಡಲು ಬಂದವಳೇ. ಮನೆಯಲ್ಲಿ ಅದೇ ಚಾಪೆಯ ಮೇಲೆ, ಅವಳ ಪಕ್ಕದಲ್ಲಿ ಕೂತು, ತಮ್ಮ ಬೀರನೂ ಬರುತ್ತಿದ್ದ. ಅಕ್ಕ ಅಂಗಡಿಯಲ್ಲಿ ಕೂತರೆ ತಮ್ಮ ಕೋಟೆಯ ಕಾವಲಿಗೆ ನಿಲ್ಲುತ್ತಿದ್ದ. ಅವಳಿಗೆ ಅವನು, ಅವನಿಗೆ ಅವಳು. ಬೇರೆ ಯಾರೂ ಇರಲಿಲ್ಲ.

ಅವಳು ಮಾರುತ್ತಿದ್ದದ್ದು ಬಿಳಿ ಹುಲಿಯ ಹಾಲಿನ ಮೊಸರು. ಅದು ಯಾಕೆ ಬೇಕಿತ್ತೆಂದರೆ, ಅಲ್ಲಿನ ಬೆಟ್ಟದಲ್ಲಿ ಬೂದಿಗಣ್ಣ ಎಂಬ ಮಾಂತ್ರಿಕನಿದ್ದ. ಅವನು ಊದಿದರೆ ಮನುಷ್ಯರ ಕಾಲು ಕಲ್ಲಾಗುತ್ತಿತ್ತು. ಕಲ್ಲು ನಿಧಾನವಾಗಿ ಮೇಲಕ್ಕೆ ಏರುತ್ತಿತ್ತು: ಮಂಡಿ, ಸೊಂಟ, ಎದೆ, ಕತ್ತು. ಅಲುಗಾಡಿದಷ್ಟೂ ಬೇಗ ಏರುತ್ತಿತ್ತು. ಅರ್ಧ ಕಲ್ಲಾದವರ ನೋವೇ ಅವನ ಊಟ. ಹಾಗೆ ಕಲ್ಲಾಗತೊಡಗಿದವರು ಕನ್ನಡಿಯಿಂದ ಕಣ್ಣು ಕೀಳಲಾರರು, ಮನೆಗೆ ಬರಲಾರರು. ಒಂದು ಚಮಚ ಮೊಸರು ಬಾಯಿಗೆ ಬಿದ್ದರೆ ಕಲ್ಲು ಇಳಿಯುತ್ತಿತ್ತು. ಕಲ್ಲು ಕಣ್ಣಿಗೇ ಏರಿಬಿಟ್ಟರೆ ಮಾತ್ರ ಯಾವ ಮದ್ದೂ ಇಲ್ಲ. ಇತ್ತ ಚಾಪೆಯ ಮೇಲೆ ಅವರ ಮೈ ಕಣ್ಣು ಬಿಟ್ಟುಕೊಂಡು ಹಾಗೇ ಕೂತಿರುತ್ತಿತ್ತು. ಗಂಜಿ ಹಾಕಿದರೆ ನುಂಗುತ್ತಿತ್ತು, ಅಷ್ಟೆ.

ಒಂದು ವರ್ಷ ಬೂದಿಗಣ್ಣನ ಹಸಿವು ಕೆರಳಿತು. ಬೀದಿ ಬೀದಿಯಲ್ಲಿ ಜನ ಕಲ್ಲಾಗತೊಡಗಿದರು. ಕೆಂಚವ್ವ ಕೊಟ್ಟಳು, ಕೊಟ್ಟಳು, ಗಡಿಗೆಗಳನ್ನು ಬಳಿದು ಬಳಿದು ಕೊಟ್ಟಳು. ಕೊನೆಗೆ ಒಂದು ಸಣ್ಣ ಕುಡಿಕೆಯ ತಳದಲ್ಲಿ ಒಂದು ಚಮಚ ಉಳಿಯಿತು. ಅದು ಹೆಪ್ಪು. ರಾಜ್ಯ ಹುಟ್ಟಿದಂದಿನಿಂದ ಹಾಲಿನಿಂದ ಹಾಲಿಗೆ ನಡೆದುಬಂದ ಹೆಪ್ಪು, ಇನ್ನೆಲ್ಲೂ ಸಿಗದು. ಅದಿದ್ದರೆ ಎಷ್ಟು ಹಾಲಾದರೂ ಮೊಸರಾದೀತು. ಅದು ಹೋದರೆ ಎಲ್ಲವೂ ಹೋದಂತೆ.

ಕೆಂಚವ್ವ ಬಾಗಿಲು ಹಾಕಿ ಹಲಗೆ ತೂಗುಹಾಕಿದಳು: "ಸರಕು ಮುಗಿದಿದೆ. ತುಂಬಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಅಂಗಡಿ ಮುಚ್ಚಿದೆ."

ಬಾಗಿಲ ಮುಂದೆ ಸಾಲುಗಟ್ಟಿದ್ದವರು ಗೋಳಾಡಿದರು. ಎದೆಮಟ್ಟ ಕಲ್ಲಾಗಿದ್ದ ಮುದುಕಿಯೊಬ್ಬಳು, "ಬಾಗ್ಲು ಹಾಕ್ಬ್ಯಾಡ ಕಣವ್ವ! ಬರೀ ಅಂಗ್ಡಿ ತೆಗ್ದಿದ್ರೂ ಜೀವ ಹಿಡ್ಕೊಂಡಿರ್ತೀವಿ" ಎಂದಳು.

"ತೆಗ್ದು ಏನ್ ಕೊಡ್ಲಿ ಅಜ್ಜಿ, ಖಾಲಿ ಗಡಿಗೆನಾ?"

"ಆ ಕುಡಿಕೇಲಿ ಇರೋದು ಕೊಟ್ಬಿಡು."

"ಕೊಟ್ರೆ ನೀನೊಬ್ಳು ಉಳೀತೀಯ. ಇವ್ರೆಲ್ಲ ಏನಾಗ್ಬೇಕು?" ಕೆಂಚವ್ವ ಮುದುಕಿಯ ಮುಖ ನೋಡಲಾಗದೆ ತಮ್ಮನ ಕಡೆ ತಿರುಗಿದಳು. "ಬೀರ, ನೀನು ಇಲ್ಲೇ ಇರು. ಇವ್ರಿಗೆ ಧೈರ್ಯ ಹೇಳ್ತಿರು."

"ಹುಲಿ ಗವಿಗೆ ಒಬ್ಳೇ ಹೋಯ್ತೀಯಾ ಅಕ್ಕಾ?"

"ಹೋಗ್ತೀನಿ. ನನ್ ಕೈಲಿರೋದ್ನ ಯಾರೂ ಕಿತ್ಕೊಳಾಕ್ ಆಗಲ್ಲ, ಗೊತ್ತಲ್ಲ?"

ನಿಜ. ಆ ರಾಜ್ಯದಲ್ಲಿ ಅಂಗಡಿಯವರು ಕೈಯಾರೆ ಕೊಟ್ಟರೆ ಮಾತ್ರ ಸರಕು ಕೈ ದಾಟುತ್ತಿತ್ತು. ಮಾಂತ್ರಿಕನಿಗೂ ಅದೇ ಕಟ್ಟು. ಕದಿಯಲಾಗದವನು ಏನು ಮಾಡುತ್ತಾನೆ? ಬೇಡುತ್ತಾನೆ.

ಕರೆದ ಹಾಲಿಗೆ ಅಲ್ಲೇ ಹೆಪ್ಪು ಹಾಕಬೇಕೆಂದು ಕೆಂಚವ್ವ ಖಾಲಿ ಗಡಿಗೆ, ಹೆಪ್ಪಿನ ಕುಡಿಕೆ ಎರಡನ್ನೂ ಹಿಡಿದು ಊರಬಾಗಿಲು ದಾಟುವಾಗ ಒಬ್ಬ ಮುದುಕ ಅಡ್ಡ ಬಿದ್ದ. ಸೊಂಟದವರೆಗೆ ಕಲ್ಲು. "ತಾಯಿ, ಆ ಒಂದ್ ಚಮಚ ಕೊಡು" ಎಂದು ಬೊಗಸೆ ಒಡ್ಡಿದ.

ಕೆಂಚವ್ವ ಕನಿಕರದಿಂದ ಬಾಗಿದಳು. ಆಮೇಲೆ ಆ ಬೊಗಸೆ ನೋಡಿದಳು. ಇಷ್ಟು ವರ್ಷ ಮೊಸರು ಮಾರಿದವಳಿಗೆ ಗಿರಾಕಿಗಳು ಗೊತ್ತಿಲ್ಲವೇ? ಮೊಸರಿಗೆ ಬರುವವರು ಒಡಕು ಚಿಪ್ಪನ್ನಾದರೂ ಹಿಡಿದು ಬರುತ್ತಾರೆ.

"ಪಾತ್ರೆ ಎಲ್ಲಜ್ಜ?" ಎಂದಳು.

ಮುದುಕ ತಬ್ಬಿಬ್ಬಾದ. ನೋಡುನೋಡುತ್ತಿದ್ದಂತೆ ಬೂದಿ ಬಣ್ಣದ ಕಾಗೆಯಾಗಿ ಹಾರಿಹೋದ.

ಕೆಂಚವ್ವ ನಡೆದಳು. ಹೊತ್ತು ಮುಳುಗುವಾಗ ಕೆರೆಯ ಏರಿಯ ಮೇಲೆ ಒಂದು ಗುಡಿಸಲು ಸಿಕ್ಕಿತು. ಒಬ್ಬ ಹೆಂಗಸು ಮಗುವನ್ನು ಎತ್ತಿಕೊಂಡು ಓಡಿಬಂದಳು. ಕೈಯಲ್ಲಿ ಬೆಳಗಿದ ತಂಬಿಗೆ ಇತ್ತು. ಮಗುವಿನ ಕಾಲುಗಳು ಕಲ್ಲಾಗಿ ಜೋತುಬಿದ್ದಿದ್ದವು.

"ಅಕ್ಕಾ, ನನ್ ಮಗೀಗೆ ಒಂದ್ ಚಮಚ ಹೆಪ್ಪು ಕೊಡಕ್ಕ."

ಕೆಂಚವ್ವನ ಕೈ ಕುಡಿಕೆಯ ಮುಚ್ಚಳಕ್ಕೆ ಹೋಗಿಯೇಬಿಟ್ಟಿತ್ತು. ಅಷ್ಟರಲ್ಲಿ ಗುಡಿಸಲಿನ ಗೂಡಿನಲ್ಲಿ ದೀಪ ಉರಿಯುವುದು ಕಂಡಿತು. ದೀಪ ಹಚ್ಚಿದ ಮೇಲೆ ಹೆಪ್ಪನ್ನು ಯಾರ ಮನೆಯಲ್ಲೂ ಕೇಳುವುದಿಲ್ಲ, ಕೊಡುವುದಿಲ್ಲ. ಇದು ಅಡುಗೆಮನೆ ಕಂಡ ಯಾವ ಹೆಂಗಸಿಗೂ ಗೊತ್ತು.

"ದೀಪ ಹಚ್ಚಾಯ್ತೇನವ್ವ?"

"ಆಯ್ತು, ಅದ್ಕೇನೀಗ?"

"ನೀನು ಯಾರ ತಾಯೀನೂ ಅಲ್ಲ" ಎಂದು ಕೆಂಚವ್ವ ಕುಡಿಕೆಯನ್ನು ಎದೆಗೆ ಅವುಚಿಕೊಂಡಳು. ಹೆಂಗಸು, ಮಗು, ತಂಬಿಗೆ ಎಲ್ಲ ಸೇರಿ ಒಂದೇ ಕಾಗೆಯಾಗಿ ಕೂಗುತ್ತ ಹೋಯಿತು.

ಮಗು ಸಾಯುವಾಗ ದೀಪ ಯಾರು ನೋಡುತ್ತಾರೆ ಎಂದು ನಿಮಗೆ ಅನ್ನಿಸಿರಬಹುದು. ನನಗೂ ಅನ್ನಿಸಿತು. ಕೆಂಚವ್ವನಿಗೆ ಮಾತ್ರ ಅನ್ನಿಸಲಿಲ್ಲ. ಅವಳ ಲೆಕ್ಕ ಸರಿಯಾಗಿತ್ತಲ್ಲ, ಅವಳಿಗೆ ಗರ್ವ ಬಂದಿತ್ತು. ಇವನು ನನ್ನ ಮುಂದೆ ಯಾವ ಲೆಕ್ಕ ಎಂದುಕೊಂಡಳು.

ಮಾರನೆಯ ಸಂಜೆ ಅವಳು ಹುಲಿಯ ಗವಿಯ ಹತ್ತಿರ ಬಂದಾಗ, ಹಿಂದೆ ಯಾರೋ ತೆವಳಿಕೊಂಡು ಬರುವ ಸದ್ದಾಯಿತು. ನೋಡಿದರೆ ಬೀರ. ಎದೆಯವರೆಗೆ ಕಲ್ಲಾಗಿದ್ದ. ಕೈಗಳಿಂದ ನೆಲ ಬಗೆದು ಬಗೆದು ಬಂದಿದ್ದ, ಉಗುರುಗಳಲ್ಲಿ ರಕ್ತವಿತ್ತು.

"ಅಕ್ಕಾ... ನಿನ್ ಹಿಂದೇನೆ ಬರ್ತಿದ್ದೆ. ಕಾವಲಿಗೆ ಇರ್ಲಿ ಅಂತ. ಅವ್ನು ಊದ್ಬಿಟ್ಟ ಕಣಕ್ಕ."

ಕೆಂಚವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬರಿಗೈ. ಹೊತ್ತು ಮುಳುಗಿತ್ತು. ಅವಳಿಗೆ ನಗು ಬಂತು.

"ಎರಡು ತಪ್ಪೂ ಒಟ್ಟಿಗೇ ಮಾಡ್ದೆಯಲ್ಲೋ ಬೂದಿಗಣ್ಣ! ಇಷ್ಟ್ ಹೇಳ್ಕೊಟ್ರೂ ಕಲೀಲಿಲ್ವಲ್ಲ. ಅದೂ ನನ್ ತಮ್ಮನ್ ಮುಖ ಹಾಕ್ಕೊಂಡ್ ಬಂದಿದೀಯ."

"ನಾನೇ ಕಣಕ್ಕ, ಬೀರ. ಬೇಕಾದ್ರೆ ಕನ್ನಡಿ ಬಿಟ್ಟು ಪಕ್ಕಕ್ ತಿರುಗಿ ನೋಡು. ಚಾಪೆ ಮ್ಯಾಲೆ ನಿನ್ ಪಕ್ಕದಲ್ಲೇ ಇದೀನಿ."

"ನಾನು ಕಣ್ ತೆಗೀಬೇಕು, ಕುಡಿಕೆ ಇಲ್ಲಿ ಬಿದ್ದು ಒಡೀಬೇಕು, ಅಲ್ವಾ?" ಎಂದು ಅವಳು ಮತ್ತೂ ನಕ್ಕಳು.

ಅವನು ಅವಳ ಸೆರಗು ಹಿಡಿದು ಮುಖಕ್ಕೆ ಒತ್ತಿಕೊಂಡ. ಅವಳು ಸೆರಗು ಕಿತ್ತುಕೊಂಡು ಗವಿಯೊಳಗೆ ನಡೆದಳು. ಬೆನ್ನ ಹಿಂದೆ "ಅಕ್ಕಾ" ಎಂಬ ಕೂಗು ಬಹಳ ಹೊತ್ತು ಕೇಳಿಸುತ್ತಿತ್ತು. ಈ ಸಲ ಕಾಗೆ ಹಾರಲಿಲ್ಲ ಎಂಬುದನ್ನು ಅವಳು ಗಮನಿಸಲಿಲ್ಲ.

ಗವಿಯಲ್ಲಿ ಬಿಳಿ ಹುಲಿ ಮಲಗಿತ್ತು. ಕೆಂಚವ್ವ ಕೈ ಮುಗಿದಳು. ಹುಲಿ ಹಾಲು ಕರೆಯಲು ಬಿಟ್ಟಿತು, ಗಡಿಗೆ ತುಂಬಿತು. ಅವಳು ಏಳುವಾಗ ಹುಲಿ ಅವಳ ಸೆರಗನ್ನು ಮೂಸಿತು.

"ಇದರಲ್ಲಿ ಮನುಷ್ಯನ ಕಣ್ಣೀರಿನ ವಾಸನೆ ಇದೆ" ಎಂದಿತು ಹುಲಿ.

"ಅದು ಬೂದಿಗಣ್ಣನದು ತಾಯಿ. ನನ್ ತಮ್ಮನ ಹಾಗೆ ಬಂದು ಅತ್ತ."

"ಬೂದಿಗಣ್ಣ ಅಳಲಾರ. ಅವನ ಕಣ್ಣಲ್ಲಿ ಬೂದಿ ಬಿಟ್ಟು ಬೇರೇನೂ ಇಲ್ಲ."

ಕೆಂಚವ್ವ ಗಡಿಗೆ ಹೊತ್ತುಕೊಂಡೇ ಹೊರಗೆ ಓಡಿದಳು. ಬೀರ ಬಿಟ್ಟ ಜಾಗದಲ್ಲೇ ಇದ್ದ. ಕತ್ತು ಕಲ್ಲಾಗಿತ್ತು, ಬಾಯಿ ಕಲ್ಲಾಗಿತ್ತು, ಗವಿಯ ಕಡೆ ನೋಡುತ್ತಿದ್ದ ಕಣ್ಣೂ ಕಲ್ಲಾಗಿತ್ತು. ಅವಳು ಕಲ್ಲನ್ನು ತಬ್ಬಿಕೊಂಡು ಬೋರಾಡಿ ಅತ್ತಳು. ಅಳುವುದಕ್ಕೂ ಹೊತ್ತಿರಲಿಲ್ಲ. ಹಾಲು ತಣ್ಣಗಾಗುವ ಮೊದಲು ಹೆಪ್ಪು ಹಾಕಬೇಕಿತ್ತು. ಅಲ್ಲೇ, ತಮ್ಮನ ಕಾಲ ಬಳಿ ಕೂತು, ಹೆಪ್ಪು ಹಾಕಿದಳು.

ಬೆಳಗಾಗುವಾಗ ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೊದಲ ಚಮಚವನ್ನು ಬೀರನ ತುಟಿಗೆ ಹಚ್ಚಿದಳು. ಜಾರಿ ಬಿತ್ತು. ಎರಡನೆಯದೂ ಜಾರಿತು, ಮೂರನೆಯದೂ ಜಾರಿತು. ಅವಳು ಗಡಿಗೆ ಹೊತ್ತುಕೊಂಡು ಪೇಟೆಗೆ ನಡೆದಳು.

ಮರುದಿನ ಅಂಗಡಿಯ ಹಲಗೆ ಕೆಳಗಿಳಿಯಿತು, ಬಾಗಿಲು ತೆರೆಯಿತು. ಎದೆಮಟ್ಟ ಕಲ್ಲಾಗಿದ್ದ ಆ ಮುದುಕಿಗೆ ಈಗ ಕಲ್ಲು ಗಲ್ಲ ಮುಟ್ಟಿತ್ತು. ಅವಳು ಮೊದಲು ಎದ್ದು ನಿಂತಳು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಸಂಜೆಯ ಹೊತ್ತಿಗೆ ಇಡೀ ರಾಜ್ಯದಲ್ಲಿ ಅರ್ಧ ಕಲ್ಲಾದವರು ಯಾರೂ ಉಳಿಯಲಿಲ್ಲ. ಊಟವಿಲ್ಲದ ಬೂದಿಗಣ್ಣ ಬೆಟ್ಟದ ಮೇಲೆ ಒಣಗಿ, ಸುರುಟಿ, ಹಿಡಿ ಬೂದಿಯಾಗಿ ಗಾಳಿಗೆ ಹೋದ.

ಆಗ ಕೆಂಚವ್ವ ಕನ್ನಡಿಯಿಂದ ಕಣ್ಣು ತೆಗೆದಳು, ಪಕ್ಕಕ್ಕೆ ತಿರುಗಿದಳು. ಚಾಪೆಯ ಮೇಲೆ ಬೀರ ಕಣ್ಣು ಬಿಟ್ಟುಕೊಂಡು ಕೂತಿದ್ದ. ಅವನ ಒಂದು ಕೈ ಅವಳ ತೋಳಿನ ಕಡೆಗೆ ಚಾಚಿತ್ತು. ಇನ್ನೊಂದು ಗೇಣು ಬಂದಿದ್ದರೆ ಮುಟ್ಟುತ್ತಿತ್ತು. ಅವಳು ಆ ಕೈಯನ್ನು ಹಿಡಿದುಕೊಂಡಳು, ಗಂಜಿ ಕಾಯಿಸಿ ಬಾಯಿಗೆ ಹಾಕಿದಳು. ಅವನು ನುಂಗಿದ.

ಅವಳು ಮತ್ತೆ ಒಳಗೆ ಹೋದಾಗ ಕನ್ನಡಿ ರಾಜ್ಯದ ರಾಜ ಅವಳನ್ನು ಸಭೆಗೆ ಕರೆಸಿದ. ಜನ ಹೂವು ಎರಚಿದರು. ಗವಿಯ ಮುಂದೆ ಕಲ್ಲಾದ ಬೀರನನ್ನು ಕಂಡವರು, ಸ್ವಂತ ತಮ್ಮನಿಗೂ ಕೊಡದೆ ನಾಡನ್ನು ಉಳಿಸಿದ ಗಟ್ಟಿಗಿತ್ತಿ ಎಂದು ಹಾಡು ಕಟ್ಟಿದ್ದರು, ಅದನ್ನು ಅವಳ ಮುಂದೆಯೇ ಹಾಡಿದರು. ಹಾಡು ಮುಗಿದ ಮೇಲೆ ರಾಜ ಸಿಂಹಾಸನದಿಂದ ಇಳಿದು ಬಂದು ಕೇಳಿದ:

"ತಾಯಿ, ಒಡಹುಟ್ಟಿದವನು ಕಣ್ಣೆದುರು ಬೇಡುವಾಗ ಇಲ್ಲ ಅನ್ನೋಕೆ ನಿಮಗೆ ಹೇಗೆ ಮನಸ್ಸು ಬಂತು?"

ಕೆಂಚವ್ವ ತಲೆಯೆತ್ತಲಿಲ್ಲ.

"ಅವ್ನೇ ಅಂತ ಗೊತ್ತಿದ್ರೆ ಕೊಟ್ಬಿಡ್ತಿದ್ದೆ ಸ್ವಾಮಿ."

ಜನರ ನಡುವೆ ನಿಂತಿದ್ದ ಮುದುಕಿ ತನ್ನ ಕಾಲನ್ನು ಮುಟ್ಟಿ ನೋಡಿಕೊಂಡಳು. ಹೂವು ಹಿಡಿದವರು ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತರು. ಕೆಂಚವ್ವ ಅಂಗಡಿ ತೆಗೆಯಬೇಕೆಂದು ಹೇಳಿ ಹೊರಟುಹೋದಳು.

ಆ ರಾಜ್ಯದವರೆಲ್ಲ ಮಕ್ಕಳು ಮರಿ ಕಟ್ಟಿಕೊಂಡು ಬಹುಕಾಲ ಸುಖವಾಗಿ ಬಾಳಿದರು. ಆ ಹಾಡನ್ನು ಮಾತ್ರ ಮತ್ತೆ ಯಾರೂ ಹಾಡಲಿಲ್ಲ.