ಚೀಟಿ ಅಂಟಿಸದ ಬಾಟಲಿ

ನೀರಿನ ಗುಣಮಟ್ಟ ಅಳೆದು ಮೊಬೈಲಿಗೆ ಕಳಿಸುವ ಅಗ್ಗದ ಸೆನ್ಸರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚನ್ನಗಿರಿ, ನ್ಯಾಮತಿ, ಜಗಳೂರು ಅಂತ ಬಸ್ಸಿನಲ್ಲೇ ಮೈ ಸವೆದಿದೆ. ದೆವ್ವ ನಂಬುವಷ್ಟು ಪುರುಸೊತ್ತು ನನಗಿಲ್ಲ.

ಜಗಳೂರು ಕಡೆಯ ಒಂದು ಹಳ್ಳಿಯ ಬಾವಿಯ ನೀರು ದಿನವಿಡೀ ಇಪ್ಪತ್ತಾರು ಡಿಗ್ರಿ ಇರುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಮಾತ್ರ ಮೂವತ್ತೇಳಕ್ಕೆ ಏರಿ, ಕಾಲು ಗಂಟೆಯಲ್ಲಿ ಮತ್ತೆ ಇಳಿಯುತ್ತಿತ್ತು. ಎರಡು ಸಲ ಸೆನ್ಸರ್ ಬದಲಿಸಿದೆ. ಹೊಸದೂ ಅದನ್ನೇ ಹೇಳಿತು.

ಮೂರನೇ ಸಲ ಹೋದಾಗ ಸರಿಯಾಗಿ ಮೂರಕ್ಕೇ ಕೊಡ ಇಳಿಬಿಟ್ಟೆ. ಮೇಲೆ ಬಂದ ಒದ್ದೆ ಹಗ್ಗ ಮನುಷ್ಯರ ಮೈಯಂತೆ ಬೆಚ್ಚಗಿತ್ತು. ಊರಿಗೆ ನೀರು ಬಿಡುವ ನೀರುಗಂಟಿ ಓಬಣ್ಣ ದೂರದಲ್ಲೇ ನಿಂತಿದ್ದ.

"ನಿಮ್ಮ ಮಿಷನ್ ಸರಿ ಐತ್ರಿ ಸರ್. ಈ ಹೊತ್ತಿನಾಗೆ ನಾವ್ಯಾರೂ ನೀರು ಸೇದಾಕೆ ಬರಲ್ಲ" ಎಂದ.

ನಾನು ಕುಡಿದು ಖಾಲಿ ಮಾಡಿದ್ದ ಬಾಟಲಿಗೇ ಪರೀಕ್ಷೆಗೆಂದು ಆ ನೀರು ತುಂಬಿಕೊಂಡೆ. ಚೀಟಿ ಅಂಟಿಸಲು ಬೇಸರವಾಗಿ ಹಾಗೇ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ನಿದ್ದೆಗಣ್ಣಲ್ಲಿ ಕುಡಿದದ್ದು ಅದನ್ನೇ ಎಂದು ತಿಳಿದಾಗ ನಮ್ಮೂರು ಹೊನ್ನಾಳಿಯಲ್ಲಿ ಇಳಿದಾಗಿತ್ತು.

ಮಾರನೇ ದಿನದಿಂದ ಆ ಬಾವಿ ಮೂರಕ್ಕೂ ಇಪ್ಪತ್ತಾರೇ ತೋರಿಸುತ್ತಿದೆ. ರಿಪೇರಿ ಚೆನ್ನಾಗಾಯಿತು ಎಂದು ಮೇಲಿನವರು ಹೇಳಿದರು.

ಭಾನುವಾರ ಮಧ್ಯಾಹ್ನ, ಏಪ್ರಿಲ್ ಬಿಸಿಲಿಗೆ ಮನೆ ಕಾದಿತ್ತು. ಚಹಾ ಕೊಡುವಾಗ ಬೆರಳು ತಾಗಿ ಹೆಂಡತಿ ನೇತ್ರಾವತಿ ಕೈ ಹಿಂದಕ್ಕೆ ಎಳೆದುಕೊಂಡಳು.

"ನಿಮ್ಮ ಕೈ ಯಾಕ್ರೀ ಹಿಂಗೆ ತಣ್ಣಗೈತೆ?"

ಗಡಿಯಾರದಲ್ಲಿ ಮೂರು ಗಂಟೆ. ಚೀಲದಲ್ಲಿದ್ದ ಹಳೆಯ ಸೆನ್ಸರ್ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೆ. ಮೊಬೈಲಿಗೆ ಇಪ್ಪತ್ತಾರು ಡಿಗ್ರಿ ಎಂದು ಬಂತು.