ಜೀರುಂಡಿಗೆ ಗಂಧ

ಪಿಂಪ್ರಿಯ ನಮ್ಮ ಮನಿಗೆ ಬಂದವರು, ಮಾವನವರ ಫೋಟೋದ ಬಾಜೂಕಿನ ಮೊಳಿ ಯಾಕ ಖಾಲಿ ಅದ ಅಂತ ಕೇಳ್ತಾರ. ಆಗಿದ್ದು ಇಷ್ಟ.

ನನ್ನ ಗಂಡ ಕೇದಾರ ಮಲೇಷ್ಯಾದಿಂದ ಒಂದು ಸತ್ತ ಜೀರುಂಡಿ ತಂದಿದ್ರು. ಅಂಗೈಯಷ್ಟು ದೊಡ್ಡದು, ಕರಿಹಸರು ಬಣ್ಣ, ಗಾಜಿನ ಚೌಕಟ್ಟಿನೊಳಗ ಸೂಜಿ ಚುಚ್ಚಿ ಕೂಡಿಸಿದ್ದು. ಅದನ್ನ ತೀರಿಹೋದ ಮಾವನವರ ಫೋಟೋದ ಬಾಜೂಕ ತೂಗಹಾಕಿದ್ರು.

ಅತ್ತಿ ಗೋದಾಬಾಯಿ ದಿನಾ ಮುಂಜಾನೆ ಮಾವನವರ ಫೋಟೋಕ್ಕ ಗಂಧ ಹಚ್ಚಿ ಹೂ ಏರಸ್ತಿದ್ರು. ಜೀರುಂಡಿಗೂ ಶುರು ಮಾಡಿದ್ರು. ನನಗ ನಗು ಬಂತು.

"ಸತ್ತದ್ದನ್ನ ಕಟ್ಟು ಹಾಕಿಸಿ ಗೋಡಿಗೆ ತೂಗಹಾಕೀರಿ. ಅದಕ್ಕೊಂದು ಬೊಟ್ಟು ಗಂಧ ಬ್ಯಾಡೇನು?" ಅಂದ್ರು ಅತ್ತಿ.

ಆಮ್ಯಾಲೆ ನೋಡ್ತೀನಿ, ಎರಡೂ ಒಂದ ಗೋಡಿಗೆ ಇದ್ದರೂ ಜೀರುಂಡಿಯ ಗಾಜು ಮಾತ್ರ ಬೆಚ್ಚಗಿರ್ತಿತ್ತು. ಅದಕ್ಕ ಏರಿಸಿದ ಶ್ಯಾವಂತಿಗಿಯ ಎಸಳು ಸಂಜೀಕ ಅಂಚಿಗೆ ಹುಳ ಕಡದಂಗ ಆಗಿರ್ತಿದ್ದವು.

ಅತ್ತಿ ಲಗ್ನಕ್ಕಂತ ಬೆಳಗಾವಿಗೆ ಹೊಂಟಾಗ, "ನೀಲಿಮಾ, ಗಂಧ ತಪ್ಪಸಬ್ಯಾಡ. ಅದಕ್ಕ ರೂಢಿ ಆಗೇದ," ಅಂದ್ರು. ನಾ ಹೂಂ ಅಂದೆ. ಹಚ್ಚಲಿಲ್ಲ. ಗಾಜು ಒರಸಿ ಸ್ವಚ್ಛ ಇಟ್ಟೆ.

ಅವರು ಬರೂ ದಿನ ಮುಂಜಾನೆ ಜೀರುಂಡಿಯ ಗಾಜಿನ ಮ್ಯಾಲೆ ಗಂಧದ ಬೊಟ್ಟಿತ್ತು. ಕೇದಾರನ ಚ್ಯಾಷ್ಟಿ ಅಂದ್ಕೊಂಡು ಒದ್ದಿ ಅರಬೀಲೆ ಒರಸಿದೆ. ಹೋಗಲಿಲ್ಲ. ಬೊಟ್ಟು ಗಾಜಿನ ಒಳಮಗ್ಗಲಿಗಿತ್ತು.

ಚೌಕಟ್ಟು ಮೊಳಿಯಿಂದ ಇಳಿಸಿ ನೋಡಿದೆ, ಹಿಂದ ಅಂಟಿಸಿದ ಕಾಗದ ಒಂಚೂರೂ ಹರದಿದ್ದಿಲ್ಲ. ದೇವರ ಮುಂದಿನ ಗಂಧ ತೇಯೂ ಸಾಣಿಕಲ್ಲು ಅತ್ತಿ ಹೋದಾಗಿಂದ ಒಣಗಿ ಬಿದ್ದಿತ್ತು. ಚಾಕೂಲೆ ಕಾಗದ ಕೊಯ್ದು, ಒಳಗ ಬೆರಳಿಟ್ಟು ಮುಟ್ಟಿದೆ.

ಗಂಧ ಇನ್ನೂ ಹಸೀನ ಇತ್ತು.